ಅಪ್‌ಗ್ರೇಡ್ ಕೆಟ್ಟರೆ ವಾಪಸ್ ಬರೋದು ಹೇಗೆ? ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ: ನನ್ನ ಅನುಭವ

2020ರ ಡಿಸೆಂಬರ್‌ನಲ್ಲಿ ಸೆಂಟ್‌ಓಎಸ್ 8 ಅನ್ನುವ ಉಚಿತ ಲಿನಕ್ಸ್‌ನ ಸುದ್ದಿ ಬಂತು. 2029ರವರೆಗೆ ಸಿಗಬೇಕಿದ್ದ ಅಪ್‌ಡೇಟ್‌ಗಳು 2021ರ ಕೊನೆಗೇ ನಿಲ್ಲುತ್ತವೆ ಅಂತ. ನಮ್ಮ ಆಫೀಸಿನ ಸರ್ವರ್‌ಗಳು ಹೆಚ್ಚುಕಡಿಮೆ ಎಲ್ಲವೂ ಅದರ ಮೇಲೇ ಇದ್ದವು. ಮರುವರ್ಷ ಅದರ ಜಾಗ ತುಂಬುವ ರಾಕಿ, ಅಲ್ಮಾ ಅನ್ನುವ ಎರಡು ಲಿನಕ್ಸ್‌ಗಳು ಬಂದವು. ಸುಮ್ನೆ ಅತ್ತ ಹೋಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಹೇಗೂ ಕೈ ಹಚ್ಚಿದ್ದಾಯ್ತು, ಯಾವ ಕೆಲಸಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಒಗ್ಗುತ್ತೆ ಅಂತ ನೋಡೇ ಬಿಡೋಣ ಅನ್ನಿಸಿತು. ಡೆಬಿಯನ್ ಲಿನಕ್ಸ್‌ನ ಒಂದು ಬಗೆ; ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎರಡೂ ಯುನಿಕ್ಸ್‌ನಿಂದ ಬಂದ ಬಿಎಸ್‌ಡಿ ಕುಟುಂಬದವು.

ವೇಗ ಅಳೆಯುವ ಗೋಜಿಗೆ ನಾನು ಹೋಗಲಿಲ್ಲ. ನಮ್ಮಂಥ ಸಣ್ಣ ಆಫೀಸಿನಲ್ಲಿ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ನೋಡಿದ್ದು ಬೇರೆ: ಅಪ್‌ಗ್ರೇಡ್ ಕೆಟ್ಟರೆ ವಾಪಸ್ ಬರೋದು ಹೇಗೆ? ಈ ಮಷಿನ್ ಏನು ಮಾಡುತ್ತಿದೆ ಅಂತ ತಿಳಿಯೋಕೆ ಎಷ್ಟು ಫೈಲ್ ತೆರೆಯಬೇಕು? ನಾನು ರಜೆಯಲ್ಲಿದ್ದಾಗ ಯಾರು ನೋಡಿಕೊಳ್ಳುತ್ತಾರೆ?

ಮೂರನೇ ಪ್ರಶ್ನೆಗೆ ಡೆಬಿಯನ್‌ನಷ್ಟು ಸಲೀಸಾದ ಉತ್ತರ ಇನ್ನೊಂದಿಲ್ಲ. ಕೆಲಸಕ್ಕೆ ಸೇರುವ ಹುಡುಗರಿಗೆ ಲಿನಕ್ಸ್ ಗೊತ್ತಿರುತ್ತೆ. ಅಪ್ಲಿಕೇಶನ್‌ಗಳನ್ನು ಡಬ್ಬಿ ಕಟ್ಟಿದಂತೆ ಬೇರೆ ಬೇರೆ ಓಡಿಸುವ ಡಾಕರ್ ಬೇಕು ಅಂದವರಿಗೆ ಡಾಕರ್ ಇದೆ. ಹೊರಗಿನವರು ಮಾರುವ ಬ್ಯಾಕಪ್ ಸಾಫ್ಟ್‌ವೇರ್ ಲಿನಕ್ಸ್‌ಗೆ ಅಂತಲೇ ಬರುತ್ತೆ, ಬಿಎಸ್‌ಡಿಗೆ ಸಿಗೋದು ಅಪರೂಪ. ಹಾಗಾಗಿ ವೆಬ್ ಅಪ್ಲಿಕೇಶನ್‌ಗಳೆಲ್ಲ ಡೆಬಿಯನ್‌ಗೆ ಹೋದವು. ನನ್ನದೊಂದು ಕಟ್ಟುನಿಟ್ಟು: ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕು ಅಂತ ಹೇಳುವ ಸೋರ್ಸಸ್ ಫೈಲ್‌ನಲ್ಲಿ ‘ಸ್ಟೇಬಲ್’ ಅಂತ ಬರೆಯಬಾರದು, ಬುಕ್‌ವರ್ಮ್, ಟ್ರಿಕ್ಸಿ ಅಂತ ಆವೃತ್ತಿಯ ಹೆಸರನ್ನೇ ಬರೆಯಬೇಕು. ಇಲ್ಲದಿದ್ದರೆ ಹೊಸ ಆವೃತ್ತಿ ಬಿಡುಗಡೆಯಾದ ಮೇಲೆ ಸಾಮಾನ್ಯ ಅಪ್‌ಡೇಟ್ ಅಂದುಕೊಂಡು ಮಾಡಿದ್ದು ದೊಡ್ಡ ಅಪ್‌ಗ್ರೇಡ್ ಆಗಿಬಿಡುತ್ತೆ.

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್ ಡಿಸ್ಕ್ ಬಿಟ್ಟು ಮೆಮೊರಿಗೆ ಹೋಯಿತು. ನಮ್ಮ ವರದಿ ತಯಾರಿಸುವ ಪ್ರೋಗ್ರಾಂ ದೊಡ್ಡ ದೊಡ್ಡ ಫೈಲ್‌ಗಳನ್ನು ಅಲ್ಲೇ ಸುರಿಯುತ್ತೆ. ರಿಲೀಸ್ ನೋಟ್ಸ್‌ನಲ್ಲಿ ಇದನ್ನು ಓದಿಕೊಂಡೇ ಕೂತಿದ್ದೆ, ಅಪ್‌ಗ್ರೇಡ್‌ಗೆ ಮೊದಲೇ ಆ ಮೌಂಟನ್ನು ಮಾಸ್ಕ್ ಮಾಡಿಟ್ಟೆ, ಅಂದರೆ ಆ ಫೋಲ್ಡರ್ ಡಿಸ್ಕ್‌ನಲ್ಲೇ ಉಳಿಯುವಂತೆ ಮಾಡಿದೆ. ರಿಲೀಸ್ ನೋಟ್ಸ್ ಓದೋದು ಬೇಜಾರಿನ ಕೆಲಸ, ಆದರೆ ಡೆಬಿಯನ್‌ನವರು ಅದನ್ನು ತುಂಬ ಚೆನ್ನಾಗಿ ಬರೆಯುತ್ತಾರೆ.

ಫೈಲ್ ಸರ್ವರ್ ವಿಷಯದಲ್ಲಿ ಮಾತ್ರ ನಾನು ಲಿನಕ್ಸ್ ಬಿಟ್ಟೆ. ಕಾರಣ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಡೇಟಾ ಜೋಡಿಸಿಡುವ ವ್ಯವಸ್ಥೆ. ಲಿನಕ್ಸ್‌ನಲ್ಲೂ ಅದು ಓಡುತ್ತೆ, ಆದರೆ ಲೈಸೆನ್ಸ್ ತಕರಾರಿನಿಂದ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಸೇರಿಲ್ಲ. ಡೆಬಿಯನ್‌ನಲ್ಲಿ ಕರ್ನಲ್ ಬದಲಾದಾಗಲೆಲ್ಲ ಅದಕ್ಕೆ ಜೋಡಿಸುವ ಝಡ್‌ಎಫ್‌ಎಸ್ ಮಾಡ್ಯೂಲನ್ನು ಹೊಸದಾಗಿ ಕಟ್ಟಬೇಕು. ಆಫೀಸಿನ ಅಷ್ಟೂ ಡೇಟಾ ಇರುವ ಮಷಿನ್‌ನಲ್ಲಿ ಆ ಆತಂಕ ನನಗೆ ಬೇಡವಾಗಿತ್ತು. ಫ್ರೀಬಿಎಸ್‌ಡಿಯಲ್ಲಿ 2008ರ 7.0ರಿಂದಲೇ ಝಡ್‌ಎಫ್‌ಎಸ್ ವ್ಯವಸ್ಥೆಯ ಜೊತೆಗೇ ಬರುತ್ತೆ.

ಅಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೂಟ್ ಎನ್ವಿರಾನ್‌ಮೆಂಟ್. ಅಪ್‌ಗ್ರೇಡ್‌ಗೆ ಮೊದಲು ‘ಬಿಇಸಿಟಿಎಲ್ ಕ್ರಿಯೇಟ್’ ಅಂತ ಒಂದು ಕಮಾಂಡ್ ಕೊಡುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಈಗಿನ ಸಿಸ್ಟಮ್‌ನ ಒಂದು ಪ್ರತಿ ಸಿದ್ಧ. ಆಮೇಲೆ ಅಪ್‌ಗ್ರೇಡ್, ರೀಬೂಟ್. ಏನಾದರೂ ಎಡವಟ್ಟಾದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರಾಯ್ತು, ನಿನ್ನೆ ಇದ್ದ ಸಿಸ್ಟಮ್ ಎದ್ದು ಬರುತ್ತೆ. 13ರಿಂದ 14ಕ್ಕೆ ಹೋದಾಗ ಹೊಸ ಆವೃತ್ತಿಯಲ್ಲಿ, ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೈಲ್ ಹಂಚುವ ಸಾಂಬಾ ಸರಿಯಾಗಿ ಏಳಲಿಲ್ಲ. ಮಧ್ಯರಾತ್ರಿ ತಲೆ ಕೆಡಿಸಿಕೊಳ್ಳದೆ ಹಳೆಯದಕ್ಕೆ ಬೂಟ್ ಮಾಡಿ ಮಲಗಿದೆ, ಮುಂದಿನ ವಾರ ನಿಧಾನಕ್ಕೆ ನೋಡಿದೆ. ಆಫೀಸಿನಲ್ಲಿ ಯಾರಿಗೂ ಸುಳಿವೇ ಸಿಗಲಿಲ್ಲ. ಒಂದು ಎಚ್ಚರ: ಹೊಸದು ನೆಟ್ಟಗೆ ಓಡುತ್ತಿದೆ ಅಂತ ಖಾತ್ರಿಯಾಗುವ ತನಕ ‘ಝಡ್‌ಪೂಲ್ ಅಪ್‌ಗ್ರೇಡ್’ ಮುಟ್ಟಬೇಡಿ. ಪೂಲ್‌ಗೆ, ಅಂದರೆ ಝಡ್‌ಎಫ್‌ಎಸ್ ನೋಡಿಕೊಳ್ಳುವ ಡಿಸ್ಕ್‌ಗಳ ಗುಂಪಿಗೆ, ಹೊಸ ಗುಣಗಳು ಸೇರಿದರೆ ಹಳೆಯ ಆವೃತ್ತಿಗೆ ಅದನ್ನು ಓದೋಕೆ ಬರದೇ ಹೋಗಬಹುದು. ಆಗ ವಾಪಸ್ ಹೋಗುವ ದಾರಿಯೇ ಮುಚ್ಚಿದಂತೆ.

ಇನ್ನೊಂದು ಸುಖ ಅಂದರೆ ಮೂಲ ಸಿಸ್ಟಮ್ ಬೇರೆ, ನಾವು ಹಾಕಿಕೊಂಡ ಪ್ಯಾಕೇಜ್‌ಗಳು ಬೇರೆ. ಸ್ವಂತ ಮನೆ ಮತ್ತು ಅದರೊಳಗೆ ತಂದಿಟ್ಟ ಸಾಮಾನು ಇದ್ದ ಹಾಗೆ. ಪ್ಯಾಕೇಜ್‌ಗಳೆಲ್ಲ ‘ಯುಎಸ್‌ಆರ್ ಲೋಕಲ್’ ಒಳಗೆ ಕೂರುತ್ತವೆ. ಅಷ್ಟನ್ನೂ ಅಳಿಸಿದರೂ ನನ್ನ 14ನೇ ಆವೃತ್ತಿಯ ಮಷಿನ್ ಬೂಟ್ ಆಗುತ್ತೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಬಹುದು. ಯಾವ ಸೇವೆ ಶುರುವಾಗಬೇಕು, ಐಪಿ ಏನು, ಎಲ್ಲವೂ ‘ಆರ್‌ಸಿ.ಕಾನ್ಫ್’ ಅನ್ನುವ ಒಂದೇ ಫೈಲ್‌ನಲ್ಲಿ.

ಹುಡುಗರಿಗೆ ತಾಪತ್ರಯ ಆಗಿದ್ದು ಇಲ್ಲೇ. ಅವರ ಸ್ಕ್ರಿಪ್ಟ್‌ಗಳೆಲ್ಲ ‘ಬಿನ್ ಬ್ಯಾಶ್’ ಅಂತ ಶುರುವಾಗುತ್ತಿದ್ದವು, ಫ್ರೀಬಿಎಸ್‌ಡಿಯ ಆ ಜಾಗದಲ್ಲಿ ಬ್ಯಾಶ್ ಅನ್ನುವ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಇರೋದಿಲ್ಲ. ಫೈಲ್‌ನೊಳಗಿನ ಪಠ್ಯ ಬದಲಿಸುವ ‘ಸೆಡ್’ ಕಮಾಂಡ್‌ನ ‘ಮೈನಸ್ ಐ’ ಕೂಡ ಬೇರೆ ಥರ, ಪಕ್ಕದಲ್ಲಿ ಖಾಲಿ ಕೋಟ್ಸ್ ಕೊಡಬೇಕು. ಸ್ವಲ್ಪ ದಿನ ಗೊಣಗಾಟ ನಡೆಯಿತು. ಈಗ ಎಲ್ಲರೂ ಸಾದಾ ಶೆಲ್‌ನಲ್ಲೇ ಬರೆಯುತ್ತಾರೆ.

ಆಫೀಸಿನ ನೆಟ್‌ವರ್ಕನ್ನು ಇಂಟರ್ನೆಟ್‌ಗೆ ಜೋಡಿಸುವ ಗೇಟ್‌ವೇಗೆ ಓಪನ್‌ಬಿಎಸ್‌ಡಿ. ಇದನ್ನು 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಒಡೆದು ಶುರು ಮಾಡಿದವರು ತಿಯೋ ಡಿ ರಾಟ್. ನಾವೆಲ್ಲ ದಿನಾ ಬಳಸುವ ಓಪನ್‌ಎಸ್‌ಎಸ್‌ಎಚ್ ಬಂದದ್ದೂ ಇಲ್ಲಿಂದಲೇ. ಅದರ ಫೈರ್‌ವಾಲ್ ಪಿಎಫ್. ನನ್ನ ಇಡೀ ಫೈರ್‌ವಾಲ್ ಒಂದು ಸ್ಕ್ರೀನ್‌ನಲ್ಲಿ ಹಿಡಿಯುತ್ತೆ. ಮೊದಲ ಸಾಲಿನಲ್ಲಿ ಎಲ್ಲ ತಡೆ, ಆಮೇಲೆ ಬೇಕಾದ್ದಕ್ಕೆ ಮಾತ್ರ ದಾರಿ. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಿಂದ ಬಂದವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಮೊದಲು ಹೊಂದಿಕೆಯಾದ ನಿಯಮ ಗೆಲ್ಲುತ್ತೆ, ಇಲ್ಲಿ ಕೊನೆಯದು. ಅಲ್ಲೇ ನಿಲ್ಲಿಸಬೇಕಾದರೆ ‘ಕ್ವಿಕ್’ ಅಂತ ಸೇರಿಸಬೇಕು.

ನಿಯಮ ಬದಲಿಸಿದ ಮೇಲೆ ‘ಪಿಎಫ್‌ಸಿಟಿಎಲ್’ಗೆ ‘ಮೈನಸ್ ಎನ್ ಎಫ್’ ಕೊಟ್ಟರೆ ಹಾಕದೆಯೇ ತಪ್ಪು ಹುಡುಕಿ ಹೇಳುತ್ತೆ. ದೂರದಿಂದ ಬದಲಿಸುವಾಗ ಎರಡು ನಿಮಿಷದ ‘ಸ್ಲೀಪ್’ ಹಿಂದೆ ಹಳೆಯ ಫೈಲ್ ಮತ್ತೆ ಲೋಡ್ ಆಗುವಂತೆ ಹಿನ್ನೆಲೆಯಲ್ಲಿ ಓಡಿಸಿಡುತ್ತೇನೆ. ನಾನೇ ಹೊರಗೆ ಸಿಕ್ಕಿಕೊಂಡರೂ ಬಾಗಿಲು ತಾನಾಗಿ ತೆರೆಯುತ್ತೆ. ‘ವೆಬ್‌ಸೈಟ್ ಬರ್ತಿಲ್ಲ’ ಅಂತ ಯಾರಾದರೂ ಫೋನ್ ಮಾಡಿದರೆ ಪಿಎಫ್‌ನ ಲಾಗ್ ಬರುವ ‘ಪಿಎಫ್‌ಲಾಗ್ 0’ ಮೇಲೆ, ನೆಟ್‌ವರ್ಕ್‌ನ ಓಡಾಟ ತೋರಿಸುವ ಟಿಸಿಪಿಡಂಪ್ ಹಾಕಿ ಕೂರುತ್ತೇನೆ. ಲಾಗ್ ಮಾಡು ಅಂದ ತಡೆಗಳೆಲ್ಲ ನಿಯಮದ ಸಂಖ್ಯೆ ಸಮೇತ ಅಲ್ಲೇ ಕಾಣುತ್ತವೆ. ಊಹೆ ಮಾಡುವ ಕೆಲಸವೇ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆರು ತಿಂಗಳಿಗೊಂದು ಆವೃತ್ತಿ, ಕೊನೆಯ ಎರಡಕ್ಕೆ ಮಾತ್ರ ಪ್ಯಾಚ್. ಅಂದರೆ ವರ್ಷಕ್ಕೊಮ್ಮೆಯಾದರೂ ಅಪ್‌ಗ್ರೇಡ್ ಮಾಡಲೇಬೇಕು. 2019ರ 6.6ರಲ್ಲಿ ‘ಸಿಸ್‌ಅಪ್‌ಗ್ರೇಡ್’ ಬಂದ ಮೇಲೆ ಅದು ಒಂದು ಕಮಾಂಡ್‌ನ ಕೆಲಸ, ನಾನು ವರ್ಷದ ಎರಡೂ ಅಪ್‌ಗ್ರೇಡ್‌ಗಳನ್ನು ಬಿಡದೆ ಮಾಡುತ್ತೇನೆ. ಫೈಲ್ ಸಿಸ್ಟಮ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಕರೆಂಟ್ ಹೋಗಿ ಮಷಿನ್ ದಢಕ್ಕನೆ ಬಿದ್ದರೆ ಏಳುವಾಗ ಡಿಸ್ಕ್ ತಪಾಸಣೆ ಮಾಡುವ ‘ಎಫ್‌ಎಸ್‌ಸಿಕೆ’ ಓಡುತ್ತೆ. ಗೇಟ್‌ವೇಯ ಪುಟ್ಟ ಡಿಸ್ಕ್‌ಗೆ ಪರವಾಗಿಲ್ಲ, ದೊಡ್ಡ ಡಿಸ್ಕ್‌ಗೆ ನಾನಂತೂ ಒಪ್ಪಲಾರೆ.

ಇನ್ನೆರಡು ಯುನಿಕ್ಸ್ ಥರದ ಸಿಸ್ಟಮ್‌ಗಳಾದ ನೆಟ್‌ಬಿಎಸ್‌ಡಿ, ಇಲ್ಯುಮೋಸ್ ಕುಟುಂಬದ ಓಮ್ನಿಓಎಸ್ ಕೂಡ ಹಾಕಿ ನೋಡಿದೆ. ಓಮ್ನಿಓಎಸ್ ತುಂಬ ಅಚ್ಚುಕಟ್ಟು. ಆದರೆ ನಾನಿಲ್ಲದಾಗ ಅದನ್ನು ಮುಟ್ಟುವವರು ನಮ್ಮಲ್ಲಿ ಯಾರೂ ಇಲ್ಲ, ಹಾಗಾಗಿ ಬಿಟ್ಟೆ.

ಯಾರಾದರೂ ಕೇಳಿದರೆ ಮೂರನ್ನೂ ಒಟ್ಟಿಗೆ ತನ್ನಿ ಅಂತ ಹೇಳೋದಿಲ್ಲ. ಒಬ್ಬರೇ ನೋಡಿಕೊಳ್ಳುವ ಆಫೀಸಾದರೆ ಡೆಬಿಯನ್ ಒಂದೇ ಸಾಕು. ಇಬ್ಬರಿದ್ದು, ಅದರಲ್ಲಿ ಒಬ್ಬರಿಗೆ ಮ್ಯಾನ್ ಪೇಜ್ (ಸಿಸ್ಟಮ್ ಜೊತೆಗೇ ಬರುವ ಕೈಪಿಡಿ) ಓದುವ ಚಟ ಇದ್ದರೆ ಗೇಟ್‌ವೇಯಿಂದ ಶುರು ಮಾಡಿ. ಅದು ಕೆಟ್ಟರೂ ಹಳೆಯ ರೂಟರ್ ಸಿಕ್ಕಿಸಿ ಕೆಲಸ ನಡೆಸಬಹುದು. ಫೈಲ್ ಸರ್ವರ್‌ಗೆ ಆಮೇಲೆ ಕೈ ಹಾಕಿ.