ಎಳೆಯುವ ಗಾಡಿ ಕೊಳ್ಳುವ ಮುಂಚೆ ವೇಬ್ರಿಡ್ಜ್‌ಗೆ ಹೋಗಿ

ಉಡುಪಿ ಕಡೆಯ ಕೋಡಿ ಬೆಂಗ್ರೆಯ ಹತ್ತಿರ ಹೊಳೆ ದಡ. ನಮ್ಮ ಭಾವ ಹೊಸ ಏಳು ಸೀಟಿನ ಕಾರಿನ ಹಿಂದೆ ದೋಣಿಯ ಟ್ರೇಲರ್ ಕಟ್ಟಿ ಮೇಲೆ ಎಳೆಯಲು ನೋಡುತ್ತಿದ್ದರು. ಕಾಂಕ್ರೀಟ್ ಇಳಿಜಾರು, ನೀರು ಇಳಿದಲ್ಲೆಲ್ಲ ಪಾಚಿ. ಮುಂದಿನ ಎರಡೂ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು. ಕಾರು ಮಾತ್ರ ಇಂಚಿಂಚಾಗಿ ಹೊಳೆಯ ಕಡೆಗೇ ಜಾರುತ್ತಿತ್ತು. ಅಕ್ಕ ಮತ್ತು ಮಕ್ಕಳು ಒಳಗೇ ಕೂತಿದ್ದರು. ಪಕ್ಕದಲ್ಲಿ ಬಲೆ ಸರಿ ಮಾಡುತ್ತಿದ್ದ ಐದಾರು ಮಂದಿ ಓಡಿ ಬಂದು ಹಗ್ಗ ಹಾಕಿ ಹಿಡಿದುಕೊಂಡರು. ಎಲ್ಲ ಮೇಲೆ ಬಂದ ನಂತರ ಭಾವ ಕೇಳಿದರು, "ಪವರ್ ಇಷ್ಟುಂಟು ಮಾರಾಯ, ಮತ್ತೆ ಎಂತಕ್ಕೆ ಎಳೆಯುವುದಿಲ್ಲ?"

ಈ ಪ್ರಶ್ನೆಗೆ ಉತ್ತರ ಕಾರು ಕೊಳ್ಳುವ ಮುಂಚೆ ಸಿಗಬೇಕಿತ್ತು. ದೋಣಿ, ಜನರೇಟರ್, ಕಾಂಕ್ರೀಟ್ ಮಿಕ್ಸರ್, ತೋಟಕ್ಕೆ ನೀರಿನ ಟ್ಯಾಂಕ್ ಇವನ್ನೆಲ್ಲ ವಾರವಿಡೀ ಎಳೆದು, ಭಾನುವಾರ ಅದೇ ಗಾಡಿಯಲ್ಲಿ ಮನೆಯವರನ್ನು ಕಟೀಲಿಗೋ ಧರ್ಮಸ್ಥಳಕ್ಕೋ ಕರೆದುಕೊಂಡು ಹೋಗುವವರು ನಮ್ಮಲ್ಲಿ ತುಂಬ ಮಂದಿ. ಹೆಚ್ಚಿನವರು ನೋಡುವುದು ಎಂಜಿನ್ನಿನ ಶಕ್ತಿ ಒಂದನ್ನೇ. ಮೊದಲು ನೋಡಬೇಕಾದ್ದು ತೂಕ. ಆಮೇಲೆ ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆ ಅಂತ.

ಹೆಜ್ಜೆ 1: ಎಳೆಯುವ ಸಾಮಾನನ್ನು ತೂಗಿ

ಅಂದಾಜು ಬೇಡ. ಟ್ರೇಲರನ್ನು ಸಾಮಾನಿನ ಸಮೇತ ವೇಬ್ರಿಡ್ಜ್‌ಗೆ, ಅಂದರೆ ಲಾರಿಗಳನ್ನು ನಿಲ್ಲಿಸಿ ತೂಗುವ ದೊಡ್ಡ ತಕ್ಕಡಿಗೆ, ಒಯ್ಯಿರಿ. ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಜಾಗಗಳಲ್ಲಿ ಸಿಗುತ್ತದೆ, ಖರ್ಚು ಹೆಚ್ಚಲ್ಲ. ಜನ ಬಿಟ್ಟುಬಿಡುವುದು ಟ್ರೇಲರಿನ ಸ್ವಂತ ತೂಕವನ್ನು. ಒಂದು ಲೆಕ್ಕ ನೋಡಿ: ಫೈಬರ್ ದೋಣಿ 380 ಕಿಲೋ, ಎಂಜಿನ್ 60, ಲಂಗರು, ಬಲೆ, ಪೆಟ್ರೋಲ್, ಐಸ್ ಪೆಟ್ಟಿಗೆ ಸೇರಿ 70, ಟ್ರೇಲರ್ 260. ಒಟ್ಟು 770. ದೋಣಿಯ ತೂಕದ ಎರಡು ಪಟ್ಟಾಯಿತು ಅಲ್ವಾ.

ಮಳೆಗಾಲದಲ್ಲಿ ಇನ್ನೊಂದು ವಿಷಯ ಉಂಟು. ಮುಚ್ಚದೆ ಇಟ್ಟ ದೋಣಿಯ ಬಾಯಿ ನಾಲ್ಕು ಚದರ ಮೀಟರ್ ಇದ್ದು, ರಾತ್ರಿ 100 ಮಿಲಿಮೀಟರ್ ಮಳೆ ಬಂದರೆ ಒಳಗೆ 400 ಲೀಟರ್ ನೀರು. ಅಂದರೆ 400 ಕಿಲೋ. ಜುಲೈಯಲ್ಲಿ ಇಂಥ ರಾತ್ರಿ ನಮಗೆ ಹೊಸದಲ್ಲ. ಬೆಳಿಗ್ಗೆ ನೀರು ಖಾಲಿ ಮಾಡದೆ ಟ್ರೇಲರನ್ನು ಗಾಡಿಯ ಹುಕ್ಕಿಗೆ ಸಿಕ್ಕಿಸಬೇಡಿ.

ಹೆಜ್ಜೆ 2: ಮನೆಯವರ ತೂಕ ಕಳೆಯಿರಿ

ಹತ್ತಕ್ಕೆ ಒಂಬತ್ತು ಮಂದಿ ತಪ್ಪುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಗಾಡಿಗೂ ಒಂದು ಗರಿಷ್ಠ ಒಟ್ಟು ತೂಕ ಇರುತ್ತದೆ. ಗಾಡಿ, ಅದರಲ್ಲಿ ಕೂತವರು, ಇಟ್ಟ ಸಾಮಾನು ಎಲ್ಲ ಸೇರಿ ಅದನ್ನು ದಾಟಬಾರದು. ಇದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ, ಸೇಲ್ಸ್‌ನವರ ಬಾಯಿಮಾತು ಸಾಲದು. ಟ್ರೇಲರಿನ ತೂಕದಲ್ಲೂ ಒಂದು ಪಾಲು ಗಾಡಿಯ ಮೇಲೇ ಕೂರುತ್ತದೆ. ಟ್ರೇಲರಿನ ಮೂತಿ ಹುಕ್ಕನ್ನು ಕೆಳಗೆ ಒತ್ತುತ್ತದಲ್ಲ, ಆ ಭಾರ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಅಂತ ಇಟ್ಟುಕೊಳ್ಳಿ.

ಲೆಕ್ಕಕ್ಕೆ ಒಂದು ಗಾಡಿ ತೆಗೆದುಕೊಳ್ಳೋಣ. ಟ್ಯಾಂಕ್ ತುಂಬಿಸಿ ತೂಗಿದಾಗ 1,850 ಕಿಲೋ. ಗರಿಷ್ಠ ಒಟ್ಟು ತೂಕ 2,400. ಉಳಿದದ್ದು 550. ಐದು ಮಂದಿ ದೊಡ್ಡವರು ತಲಾ 65ರಂತೆ 325, ಇಬ್ಬರು ಮಕ್ಕಳು 50. ಉಳಿದದ್ದು 175. ಬ್ಯಾಗು, ಊರಿನಿಂದ ತರುವ ತೆಂಗಿನಕಾಯಿ, ಹಲಸಿನಹಣ್ಣು, ಅಕ್ಕಿ ಗೋಣಿ ಸೇರಿ 80. ಉಳಿದದ್ದು 95. ಟೋ ಹುಕ್ಕಿನ ಕಬ್ಬಿಣವೇ 20. ಕೊನೆಗೆ ಉಳಿದದ್ದು 75 ಕಿಲೋ. ಅದು ಹತ್ತನೇ ಒಂದು ಪಾಲಾದರೆ, ಎಳೆಯಬಹುದಾದ ಟ್ರೇಲರ್ 750 ಕಿಲೋ ಮಾತ್ರ.

ಮೇಲಿನ ದೋಣಿ 770 ಇತ್ತು. ಗಾಡಿ ದೊಡ್ಡದು, ಎಂಜಿನ್ ಗಟ್ಟಿ, ಆದರೂ ಮನೆಯವರೆಲ್ಲ ಕೂತರೆ ಸಾಲುವುದಿಲ್ಲ. ಡ್ರೈವರ್ ಒಬ್ಬನೇ ಹೋದರೆ ಅದೇ ಗಾಡಿಗೆ ಸುಲಭದ ಕೆಲಸ. ಹಾಗಾಗಿ "ಈ ಗಾಡಿ ಎಷ್ಟು ಎಳೆಯುತ್ತೆ?" ಎಂದು ಕೇಳಿ ಸುಮ್ಮನಾಗಬೇಡಿ. "ನಾವು ಏಳು ಜನ ಕೂತಾಗ ಎಷ್ಟು ಎಳೆಯುತ್ತೆ?" ಎಂದು ಕೇಳಿ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಹುಕ್ ಇರುವುದು ಹಿಂದಿನ ಚಕ್ರಕ್ಕಿಂತಲೂ ಹಿಂದೆ. ಮಕ್ಕಳ ಏರುಪೇರು ಹಲಗೆಯ ಹಾಗೆ, ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ 2.75 ಮೀಟರ್, ಹಿಂಚಕ್ರದಿಂದ ಹುಕ್ಕಿಗೆ 1.1 ಮೀಟರ್ ಇದ್ದರೆ, ಹುಕ್ಕಿನ ಮೇಲಿನ 75 ಕಿಲೋ ಹಿಂದಿನ ಚಕ್ರಗಳ ಮೇಲೆ 105 ಕಿಲೋ ಆಗುತ್ತದೆ. ಮುಂದಿನ ಚಕ್ರಗಳು 30 ಕಿಲೋ ಹಗುರ ಆಗುತ್ತವೆ. ಏರಿನಲ್ಲಿ ಇನ್ನೂ ಹಗುರ. ಭಾವನ ಕಾರು ಪಾಚಿಯ ಮೇಲೆ ಸೋತದ್ದು ಇದಕ್ಕೇ. ಅದರಲ್ಲಿ ಎಳೆಯುವುದು ಮುಂದಿನ ಚಕ್ರ. ಭಾರವೆಲ್ಲ ಹಿಂದೆ.

ಇದನ್ನೂ ವೇಬ್ರಿಡ್ಜ್‌ನಲ್ಲೇ ನೋಡಬಹುದು. ಮನೆಯವರನ್ನು ಕೂರಿಸಿ, ಹಿಂದಿನ ಚಕ್ರ ಮಾತ್ರ ಹಲಗೆ ಮೇಲೆ ಬರುವಂತೆ ನಿಲ್ಲಿಸಿ ತೂಗಿ. ನಂತರ ಟ್ರೇಲರ್ ಹಾಕಿ, ಅದರ ಚಕ್ರ ಹಲಗೆಯಿಂದ ಹೊರಗಿರುವಂತೆ ನಿಲ್ಲಿಸಿ ಮತ್ತೊಮ್ಮೆ. ಎರಡರ ವ್ಯತ್ಯಾಸವೇ ಹಿಂದಿನ ಚಕ್ರಕ್ಕೆ ಹೆಚ್ಚಾದ ಭಾರ. ಗಾಡಿ ಇನ್ನೂ ಕೊಂಡಿಲ್ಲವೆಂದಾದರೆ ಅದೇ ಮಾಡೆಲ್ ಇರುವ ಪರಿಚಯದವರನ್ನು ಕೇಳಿ. ನಮ್ಮ ಊರಲ್ಲಿ ಇಷ್ಟು ಸಹಾಯಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ.

ಗಾಡಿಯ ಹಿಂಭಾಗ ತಗ್ಗಿತೆಂದು ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ತುರುಕಿಸುವವರಿದ್ದಾರೆ. ಬೇಡ. ಅದು ಹಿಂಭಾಗವನ್ನು ಎತ್ತಿ ತೋರಿಸುತ್ತದೆ ಅಷ್ಟೇ. ಆಕ್ಸಲ್, ಟೈರ್, ಬ್ರೇಕ್ ತಾಳುವ ಭಾರ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ಹೆಜ್ಜೆ 3: ಗಾಡಿಯ ಜಾತಿ ನೋಡಿ

ಭಾರ ಎಳೆಯಲು ಅಡಿಯಲ್ಲಿ ಏಣಿಯಂಥ ಪ್ರತ್ಯೇಕ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಇರಬೇಕು. ಹಿಂದಿನ ಚಕ್ರ ಎಳೆಯಬೇಕು, ಅಥವಾ ನಾಲ್ಕೂ. ಎಂಜಿನ್ ಡೀಸೆಲ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬೊಲೆರೊ, ಸ್ಕಾರ್ಪಿಯೊ-ಎನ್, ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಇಸುಜು ವಿ-ಕ್ರಾಸ್ ಈ ಜಾತಿಯವು. ಎರ್ಟಿಗಾ, ಇನ್ನೋವಾ ಹೈಕ್ರಾಸ್ ಒಳ್ಳೆಯ ಕುಟುಂಬದ ಕಾರುಗಳೇ, ಆದರೆ ಅವು ಬೇರೆ ಜಾತಿ. ಅವುಗಳಲ್ಲಿ ಬಾಡಿಯೇ ಚಾಸಿ, ಮುಂದಿನ ಚಕ್ರವೇ ಎಳೆಯುವುದು.

ಹಾರ್ಸ್‌ಪವರ್‌ಗಿಂತ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ ನೋಡಿ. ಅದು ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ಬರುತ್ತದೆ ಅಂತಲೂ ನೋಡಿ, ಕಡಿಮೆ ಸುತ್ತಿಗೇ ಬಂದರೆ ಒಳ್ಳೆಯದು. ಎರ್ಟಿಗಾದ ಪೆಟ್ರೋಲ್ ಎಂಜಿನ್ ಹತ್ತಿರಹತ್ತಿರ 4,400 ಆರ್‌ಪಿಎಂಗೆ ಸುಮಾರು 137 ನ್ಯೂಟನ್ ಮೀಟರ್ ಕೊಡುತ್ತದೆ. ಕ್ರಿಸ್ಟಾದ 2.4 ಲೀಟರ್ ಡೀಸೆಲ್ 1,400ರಲ್ಲೇ 343 ಕೊಡುತ್ತದೆ. ಏರಿನಲ್ಲಿ ಭಾರ ಹೊತ್ತು ನಿಂತ ಜಾಗದಿಂದ ಹೊರಡುವಾಗ ಈ ವ್ಯತ್ಯಾಸ ಕ್ಲಚ್ಚಿನ ಆಯುಷ್ಯವನ್ನೇ ನಿರ್ಧರಿಸುತ್ತದೆ.

ಚಕ್ರಗಳ ನಡುವಿನ ಅಂತರ ಉದ್ದ ಇದ್ದಷ್ಟು ಟ್ರೇಲರ್ ಬಾಲ ಅಲ್ಲಾಡಿಸುವುದು ಕಡಿಮೆ. ಸ್ಕಾರ್ಪಿಯೊ-ಎನ್‌ನಲ್ಲಿ 2,750 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ನಲ್ಲಿ 2,450. ಥಾರ್ ದಡದ ಮರಳಿಗೆ ಚೆನ್ನಾಗಿದೆ. ಉದ್ದ ಟ್ರೇಲರ್ ಕಟ್ಟಿ ಹೆದ್ದಾರಿ 66ರಲ್ಲಿ ಹೋಗಲು ನಾನು ಅದನ್ನು ಆರಿಸುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಸ್ಕಾರ್ಪಿಯೊ-ಎನ್ ಡೀಸೆಲ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವಂಥದ್ದು.

ಇದಕ್ಕೂ ಒಂದು ಷರತ್ತು. ಎಳೆಯುವ ಬಗ್ಗೆ ಕೈಪಿಡಿ ಎಂತ ಹೇಳುತ್ತದೆಂದು ನೀವೇ ಓದಬೇಕು. ಟ್ರೇಲರ್ ಕಟ್ಟಬೇಡಿ ಎಂದಿದ್ದರೆ ಆ ಗಾಡಿ ಪಟ್ಟಿಯಿಂದ ಹೊರಗೆ. ಎಳೆಯುವ ತೂಕ ಬರೆದೇ ಇಲ್ಲವೆಂದರೆ ಕಂಪನಿಯಿಂದ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಯೂಟ್ಯೂಬ್‌ನಲ್ಲಿ ಟೊಯೋಟಾದ ಹೈಲಕ್ಸ್ ಪಿಕಪ್ 3,500 ಕಿಲೋ ಎಳೆಯುತ್ತದೆ ಅಂತ ತೋರಿಸುತ್ತಾರೆ. ಅದು ಆಸ್ಟ್ರೇಲಿಯಾದ ಮಾಡೆಲ್‌ನ ಲೆಕ್ಕ, ಅದೂ ಸ್ವಂತ ಬ್ರೇಕ್ ಇರುವ ಟ್ರೇಲರ್‌ಗೆ. ಇಲ್ಲಿಯ ಗಾಡಿಗೆ ಅದನ್ನು ಹಾಗೆಯೇ ತಂದು ಹಚ್ಚಬಾರದು.

ಹೆಜ್ಜೆ 4: ಇಳಿಯುವುದನ್ನು ಯೋಚಿಸಿ

ನಮ್ಮಲ್ಲಿ ಸಮುದ್ರ ಬಿಟ್ಟು ಪೂರ್ವಕ್ಕೆ ಹೊರಟರೆ ಘಟ್ಟ. ಶಿರಾಡಿ, ಚಾರ್ಮಾಡಿ, 14 ಹೇರ್‌ಪಿನ್ ತಿರುವುಗಳ ಆಗುಂಬೆ. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸಾಲದಿದ್ದರೆ ನಿಲ್ಲುವುದಿಲ್ಲ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಎರಡರ ಭಾರವನ್ನೂ ಗಾಡಿಯ ಬ್ರೇಕೇ ತಡೆಯಬೇಕು. ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ.

ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ 750 ಕಿಲೋ ದಾಟುವಂತಿಲ್ಲ. ನಾನು ನಮ್ಮ ಘಟ್ಟಕ್ಕೆ 500 ಅಂತ ಹೇಳುತ್ತೇನೆ. ಅದಕ್ಕಿಂತ ಭಾರ ಎಳೆಯುವುದಿದ್ದರೆ ಬ್ರೇಕ್ ಇರುವ ಟ್ರೇಲರನ್ನೇ ಮಾಡಿಸಿ. ಗಾಡಿಗೆ ಸನ್‌ರೂಫ್ ಬೇಕೆಂದು ಹೆಚ್ಚು ಕೊಡುವ ದುಡ್ಡನ್ನು ಇದಕ್ಕೆ ಹಾಕಿ.

ಆಟೋಮ್ಯಾಟಿಕ್ ಬೇಕೆಂದರೆ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಬಗೆ) ಇರುವುದು, ಗೇರನ್ನು ಕೈಯಲ್ಲಿ ಹಿಡಿದಿಡಲು ಬರುವುದು ತೆಗೆದುಕೊಳ್ಳಿ. ಯಾವ ಗೇರಿನಲ್ಲಿ ಆ ಘಟ್ಟ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಹೆಜ್ಜೆ 5: ಹುಕ್ ಮತ್ತು ಕಾಗದ

ಬಂಪರ್‌ಗೆ ಬೋಲ್ಟ್ ಹಾಕುವ ಹುಕ್ ಬೇಡವೇ ಬೇಡ. ಗ್ಯಾರೇಜಿನಲ್ಲಿ ಆಂಗಲ್ ಕಡಿದು ವೆಲ್ಡ್ ಮಾಡಿಸಿದ ಹುಕ್ಕೂ ಬೇಡ. ನನಗೂ ಒಂದು ಕಡೆ ಹಾಗೆ ಮಾಡಿಕೊಟ್ಟಿದ್ದರು. ಎರಡನೇ ಮಳೆಗಾಲಕ್ಕೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಟ್ಟಿತು. ಉಪ್ಪು ಗಾಳಿಗೆ ಬಣ್ಣದ ಅಡಿಯಲ್ಲೇ ತುಕ್ಕು ಹಿಡಿದಿತ್ತು, ಹೊರಗಿನಿಂದ ಕಾಣುತ್ತಿರಲಿಲ್ಲ. ಅಂದು ಟ್ರೇಲರಿನಲ್ಲಿ ಭಾರ ಇರಲಿಲ್ಲ ಎಂಬುದೊಂದೇ ಪುಣ್ಯ. ಚಾಸಿಗೆ ಬೋಲ್ಟ್ ಆಗುವ, ತಾಳುವ ತೂಕ ಅಚ್ಚೊತ್ತಿರುವ ಹುಕ್ ತೆಗೆದುಕೊಳ್ಳಿ. ಜೊತೆಗೆ ಎರಡು ಸುರಕ್ಷತಾ ಸರಪಳಿ, ಅಡ್ಡಡ್ಡ ದಾಟಿಸಿ ಕಟ್ಟಬೇಕು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ, ಅದಕ್ಕೂ ನೋಂದಣಿ ಬೇಕು. ಗಾಡಿಯನ್ನು ಮಾರ್ಪಡಿಸುವುದಕ್ಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಉಂಟು. ಆದ್ದರಿಂದ ಹುಕ್ ಹಾಕಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಜನರೇಟರನ್ನು ಬಾಡಿಗೆಗೆ ಕೊಡುವವರು ಬಿಳಿ ಬೋರ್ಡ್‌ನ ಖಾಸಗಿ ಗಾಡಿಯಲ್ಲಿ ಆ ಕೆಲಸ ಮಾಡುವಂತಿಲ್ಲ.

ಹೆಜ್ಜೆ 6: ಓಡಿಸಿ ನೋಡಿ

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ಹೆದ್ದಾರಿಯ ಚಪ್ಪಟೆ ರಸ್ತೆ ಬಿಟ್ಟು ಉಡುಪಿಯಿಂದ ಮಣಿಪಾಲಕ್ಕೆ ಹತ್ತಿ, ಅಥವಾ ಕದ್ರಿ ಗುಡ್ಡದ ಏರಿಗೆ ಹೋಗಿ. ನಡು ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಹೊರಡಿ. ಅಲ್ಲೇ ಕ್ಲಚ್ ವಾಸನೆ ಬಂದರೆ ಟ್ರೇಲರ್ ಹಾಕಿದಾಗ ಆ ಗಾಡಿ ಉಳಿಯುವುದಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಸಲ ಟ್ರೇಲರ್ ಕಟ್ಟುವುದು ಖಾಲಿ ಮೈದಾನದಲ್ಲಿ. ಭಾರದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಟ್ರೇಲರಿನ ಚಕ್ರದ ಮುಂದೆ ಇರಲಿ. ಹಿಂದೆ ಜಾಸ್ತಿಯಾದರೆ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ. ಹಾಗಾದಾಗ ಬ್ರೇಕ್ ತುಳಿಯಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರ ಹಿಡಿಯಿರಿ. ದೋಣಿಯವರು ಟ್ರೇಲರ್ ಉಪ್ಪುನೀರಿಗೆ ಇಳಿದ ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಬೇಕು, ಬೇರಿಂಗಿಗೆ ಗ್ರೀಸ್ ತುಂಬಬೇಕು. ಮೊದಲ ಪ್ರಯಾಣದಲ್ಲಿ 20 ಕಿಲೋಮೀಟರ್ ಆದ ಮೇಲೆ ಬದಿಗೆ ನಿಲ್ಲಿಸಿ, ಟ್ರೇಲರಿನ ಎರಡೂ ಚಕ್ರದ ನಡುಭಾಗಕ್ಕೆ ಕೈ ಹತ್ತಿರ ತನ್ನಿ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಬೇರಿಂಗ್ ಹೋಗುತ್ತಿದೆ. ಅಲ್ಲಿಂದ ಮುಂದೆ ಹೋಗಬೇಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.