ಪಿಕಪ್ ಬಾಡಿಯ ಒಳಗೆ ಸ್ಪ್ರೇ ಲೈನರ್ ಹೊಡೆಸುವ ಮುಂಚೆ

ಇಳಕಲ್ ಕಡೆ ಗ್ರಾನೈಟ್ ತುಂಡು ಹೇರುವ ಪಿಕಪ್ ಇದ್ದವರಿಗೆ ಒಂದು ಮಾತು. ಪಾಲಿಯೂರಿಯಾ ಲೈನರ್ (ಬಾಡಿಯ ಒಳಮೈ ಕಾಪಾಡಲು ಸ್ಪ್ರೇ ಮಾಡುವ ಲೇಪನ) ಹೊಡೆದ ಕೆಲವೇ ಸೆಕೆಂಡಿಗೆ ಬಿಗಿಯುತ್ತದೆ, ಗಟ್ಟಿಯೂ ಹೌದು, ಆದ್ರೆ ಅದು ನಿಲ್ಲೋದು ಮೊದಲಿನ ತಯಾರಿ ಮೇಲೆ. ಹಳೇ ಪೇಂಟಿನ ಹೊಳಪು ಹೋಗುವವರೆಗೂ ಸ್ಯಾಂಡ್ ಪೇಪರ್‌ನಿಂದ ಉಜ್ಜಿಸಿ, ಮೂಲೆ, ಬೋಲ್ಟ್ ಸುತ್ತಲಿನ ತುಕ್ಕು ಪೂರ್ತಿ ತೆಗೆಸಿ, ಎಣ್ಣೆ ಜಿಡ್ಡು ಒರೆಸಿಸಿ. ತುಕ್ಕಿನ ಮೇಲೇ ಹೊಡೆದರೆ ಒಳಗೊಳಗೇ ತಿಂದು ಆಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ನೀರು ಹೋಗುವ ತೂತು ಮುಚ್ಚಬಾರದು. ಇದನ್ನು ನೀವೇ ನಿಂತು ನೋಡಿ, ಕೆಲಸದವರು ಅವಸರದಲ್ಲಿ ಮರೆಯುತ್ತಾರೆ. ಸುಮ್ನೆ ಪ್ಲಾಸ್ಟಿಕ್ ಲೈನರ್ ಕೂರಿಸಿದರೆ ಅಗ್ಗ ನಿಜ, ಆದ್ರೆ ಅದರಡಿ ಮಣ್ಣು, ನೀರು ನಿಂತರೆ ಕಣ್ಣಿಗೇ ಕಾಣಲ್ಲ ಅಲ್ವಾ? ಮತ್ತೆ ನಮ್ಮ ಬಾಗಲಕೋಟೆ ಬಿಸಿಲು ಗೊತ್ತಲ್ಲ, ಸ್ಪ್ರೇ ಲೈನರ್‌ನ ಕಪ್ಪು ಬಣ್ಣ ಬೇಗ ಮಂಕಾಗುತ್ತದೆ, ಬಿಸಿಲು ತಡೆಯಲು ಮೇಲೆ ಹೊಡೆಯುವ ಯುವಿ ಟಾಪ್ ಕೋಟ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.