ಜಿಪ್ಸಿಯ ಕ್ಲಚ್ ಕೇಬಲ್ ತೆಗೆದು ಹೈಡ್ರಾಲಿಕ್ ಹಾಕಿದ ನನ್ನ ಅನುಭವ

ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಓಡುವ ನನ್ನ 1998ರ ಮಾರುತಿ ಜಿಪ್ಸಿ ಕಿಂಗ್‌ನಲ್ಲಿ ಎರಡು ಮಳೆಗಾಲಗಳಿಂದ ಕ್ಲಚ್ ಕೇಬಲ್ ಇಲ್ಲ. ಅದಕ್ಕೂ ಮೊದಲು ವರ್ಷಕ್ಕೆ ಕಡಿಮೆಯೆಂದರೂ ಎರಡು ಕೇಬಲ್ ಬೇಕಾಗುತ್ತಿದ್ದವು; ಕೆಸರುನೀರು ಕವಚದೊಳಗೆ ಇಳಿದು, ತಂತಿ ತುಕ್ಕು ಹಿಡಿದು, ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕಿನ ತುದಿಯಲ್ಲಿ ಒಂದೊಂದೇ ಎಳೆ ಬಿಚ್ಚಿಕೊಂಡು, ಕೊನೆಗೆ ಏರಿನ ಮಧ್ಯದಲ್ಲೇ ತುಂಡಾಗುತ್ತಿತ್ತು. ಕೇಬಲ್ ಬದಲು ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಹೈಡ್ರಾಲಿಕ್ ಮಾಡುತ್ತೇನೆ ಎಂದಾಗ, ನಾನು ಕೆಲಸ ಕಲಿತ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು "ಕಂಪನಿಯವರಿಗೆ ಇಲ್ಲದ ಬುದ್ಧಿ ನಿಂಗೆ ಎಲ್ಲಿಂದ ಬಂತು ಮಾರಾಯ" ಎಂದು ನಕ್ಕಿದ್ದರು. ಈಗ ಅವರೇ ಇಬ್ಬರು ಗಿರಾಕಿಗಳನ್ನು ನನ್ನಲ್ಲಿಗೆ ಕಳಿಸಿದ್ದಾರೆ.

ಮೊದಲ ಸಲ ಕೈಗೆ ಸಿಕ್ಕ ಸಾಮಾನನ್ನೇ ಹಾಕಿದ್ದು ನನ್ನ ತಪ್ಪು. ಗುಜರಿಯಲ್ಲಿ ಸಿಕ್ಕ 5/8 ಇಂಚಿನ ಮಾಸ್ಟರ್‌ಗೆ (ಪೆಡಲ್ ಒತ್ತುವ ಸಿಲಿಂಡರ್) 7/8 ಇಂಚಿನ ಸ್ಲೇವ್ (ಫೋರ್ಕನ್ನು ತಳ್ಳುವ ಸಿಲಿಂಡರ್) ಜೋಡಿಸಿದೆ. ಪೆಡಲ್ ಹೂವಿನಷ್ಟು ಹಗುರವಾಯಿತು, ಆದರೆ ರಿವರ್ಸ್ ಗೇರ್ ಕರಕರ ಎಂದು ಅರೆಯಿತೇ ಹೊರತು ಬೀಳಲಿಲ್ಲ. ಸ್ಲೇವ್ ಹೆಚ್ಚು ಅಗಲವಾದ್ದರಿಂದ, ಮಾಸ್ಟರ್‌ನಲ್ಲಿ 30 ಮಿಲಿಮೀಟರ್ ತಳ್ಳಿದರೆ ಅದು 15 ಮಾತ್ರ ಚಲಿಸುತ್ತದೆ. ನನ್ನ ಫೋರ್ಕಿಗೆ ಬೇಕಾಗಿದ್ದುದು ಸುಮಾರು 19. ಸ್ಲೇವ್ ಬದಲಿಸಿ 3/4 ಇಂಚಿನದು ಹಾಕಿದ ಮೇಲೆ ಲೆಕ್ಕದ ಪ್ರಕಾರ 20 ದಾಟಬೇಕಿತ್ತು, ಆದರೂ ಕ್ಲಚ್ ಪೂರ್ತಿ ಬಿಡಲಿಲ್ಲ.

ಲೈನಿನಲ್ಲಿ ಏರ್ ಇದೆಯೆಂದು ಎರಡು ದಿನ ಅದನ್ನು ಹೊರಗೆ ಬಿಡುತ್ತಾ, ಅಂದರೆ ಬ್ಲೀಡ್ ಮಾಡುತ್ತಲೇ ಕುಳಿತು ಒಂದು ಲೀಟರ್ ಬ್ರೇಕ್ ಆಯಿಲ್ ಹಾಳು ಮಾಡಿದೆ. ಕೊನೆಗೆ ತಮ್ಮನನ್ನು ಪೆಡಲ್ ಮೇಲೆ ಕೂರಿಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ನೋಡಿದಾಗ, ಫೋರ್ಕಿಗಿಂತ ಮೊದಲು ಸ್ಲೇವ್ ಕೂರಿಸಲು ನಾನು ಮಾಡಿಸಿದ ಬ್ರಾಕೆಟ್ಟೇ ಹಿಂದಕ್ಕೆ ಬಾಗುತ್ತಿರುವುದು ಕಂಡಿತು. ಕೇಬಲ್ ಫೋರ್ಕನ್ನು ಎಳೆಯುತ್ತಿತ್ತು, ಸ್ಲೇವ್ ತಳ್ಳುತ್ತದೆ. ಆದ್ದರಿಂದ ಅದನ್ನು ಫೋರ್ಕಿನ ಇನ್ನೊಂದು ಬದಿಗೆ, ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗಿನ ಎರಡು ಬೋಲ್ಟುಗಳಿಗೆ ಕಟ್ಟಬೇಕಾಗಿತ್ತು. ಮೂರು ಮಿಲಿಮೀಟರ್ ತಗಡಿನ ಬದಲು ಎಂಟರ ಪ್ಲೇಟು ಹಾಕಿಸಿ, ನಡುವೆ ಅಡ್ಡ ಪಟ್ಟಿ ಬೆಸೆಸಿದೆ. ಪೆಡಲ್ ಹಿಂದಿನ ತಗಡೂ ಒತ್ತಿದಾಗಲೆಲ್ಲ ಬಾಗಿ ಉಸಿರಾಡುತ್ತಿದ್ದುದರಿಂದ ಅದರ ಎರಡೂ ಮಗ್ಗುಲಿಗೆ ಪ್ಲೇಟು ಕೊಟ್ಟೆ. ಗೇರ್ ಬೆಣ್ಣೆಯಲ್ಲಿ ಬಿದ್ದಂತೆ ಬಿತ್ತು.

ಆ ಸಂತೋಷ ಒಂದು ವಾರ. ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಕ್ಲಚ್ ಜಾರಿ, ಸುಟ್ಟ ವಾಸನೆ ಬಂತು. ನಾನು ತಂದದ್ದು ಡ್ರಮ್ ಬ್ರೇಕಿನ ಮಾಸ್ಟರ್. ಅದರ ಬಾಯಲ್ಲಿರುವ ಸಣ್ಣ ವಾಲ್ವ್ ಕಾಲು ತೆಗೆದ ಮೇಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ. ಬ್ರೇಕಿಗೆ ಅದು ಬೇಕು, ಕ್ಲಚ್ಚಿಗೆ ಬೇಡ, ಅದನ್ನು ಪೂರ್ತಿ ಹಿಡಿಯಲು ಬಿಡುವುದಿಲ್ಲ. ಆ ವಾಲ್ವ್ ಕಿತ್ತು ಹಾಕಿದ ಹೊತ್ತಿಗೆ ಕ್ಲಚ್ ಪ್ಲೇಟು ಹೋಗಿತ್ತು, ಅದಕ್ಕೆ ಮತ್ತೆ ಎರಡೂವರೆ ಸಾವಿರ. ಒಟ್ಟು ಒಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಮೊದಲೇ ಗೊತ್ತಿದ್ದರೆ ನಾಲ್ಕೂವರೆಯಲ್ಲಿ ಮುಗಿಯುತ್ತಿತ್ತು.

ನಡುವೆ ಒಂದು ಕುತೂಹಲಕ್ಕೆ, ಮೆಣಸು ತೂಗುವ ಕೊಕ್ಕೆ ತಕ್ಕಡಿಯನ್ನು ಪೆಡಲಿಗೆ ಸಿಕ್ಕಿಸಿ ಎಳೆದು ನೋಡಿದ್ದೆ. ತುಕ್ಕು ಹಿಡಿದ ಕೇಬಲ್‌ನಲ್ಲಿ ಹದಿನೆಂಟು ಕೆ.ಜಿ., ಹೊಸ ಕೇಬಲ್‌ನಲ್ಲಿ ಹನ್ನೆರಡು, ಈಗ ಹತ್ತು ಅಥವಾ ಹನ್ನೊಂದು. ಹೊಸ ಕೇಬಲ್‌ಗೆ ಹೋಲಿಸಿದರೆ ಇದು ದೊಡ್ಡ ವ್ಯತ್ಯಾಸವಲ್ಲ ಎಂದು ಒಪ್ಪುತ್ತೇನೆ, ಆದರೆ ಮಳೆಗಾಲ ಮುಗಿದ ಮೇಲೂ ಇದು ಹತ್ತು-ಹನ್ನೊಂದಾಗಿಯೇ ಉಳಿದಿದೆ.

ಸ್ಲೇವ್‌ನಲ್ಲಿ ಏರ್ ಹೊರಬಿಡುವ ಬ್ಲೀಡ್ ನಿಪ್ಪಲ್ ಮೇಲ್ಮುಖವಾಗಿ ಇರದಿದ್ದರೆ ಏರ್ ಹೋಗುವುದಿಲ್ಲ. ನನ್ನದರಲ್ಲಿ ಜಾಗ ಸಾಲದೆ ಅದು ಕೆಳಗೆ ಬಂದದ್ದರಿಂದ ಸ್ಲೇವ್ ಬಿಚ್ಚಿ, ತಿರುಗಿಸಿ ಹಿಡಿದು, ದನಗಳಿಗೆ ಚುಚ್ಚುವ ದೊಡ್ಡ ಸಿರಿಂಜಿನಿಂದ ಕೆಳಗಿನಿಂದಲೇ ಆಯಿಲ್ ಏರಿಸುತ್ತೇನೆ. ಸ್ಲೇವ್ ಯಾವ ಗಾಡಿಯದು, ತಳ್ಳುವ ಕಡ್ಡಿಯ ತುದಿಯನ್ನು ಲೇತ್‌ನಲ್ಲಿ ಹೇಗೆ ಕಡೆಸಿದೆ ಎಂಬ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಫೋರ್ಕಿನಲ್ಲಿ ಎರಡು ಮಿಲಿಮೀಟರ್ ಪ್ಲೇ (ಸಡಿಲ) ಬಿಡುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಫೋರ್ಕು ತಳ್ಳುವ ರಿಲೀಸ್ ಬೇರಿಂಗ್ ಸದಾ ತಿರುಗುತ್ತಾ ಕಿರುಚಲು ತೊಡಗುತ್ತದೆ. ಈ ವರ್ಷ ನನಗೆ ಬಂದ ಖರ್ಚೆಂದರೆ ಸ್ಲೇವ್‌ನ ಹರಿದ ರಬ್ಬರ್ ಬೂಟು, ಅರವತ್ತು ರೂಪಾಯಿ.